ಹೆಣ್ಣುಮಕ್ಕಳ ಆರೋಗ್ಯದ ಸಂಶೋಧನೆಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ಬೆಳಗಾವಿಯ ಒಂದು ಅಧ್ಯಯನ ಮುಂದಿಟ್ಟುಕೊಂಡು ನೋಡೋಣ

ಹೆರಿಗೆ ಆದ ಮೇಲೆ ಜಾಸ್ತಿ ರಕ್ತ ಹೋಗುವುದರ ಬಗ್ಗೆ ನಾನು ಮೊದಲ ಸಲ ಬರೆದಾಗ 'ಪ್ರಸವೋತ್ತರ ರಕ್ತಸ್ರಾವ' ಅಂತಲೇ ಬರೆದಿದ್ದೆ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ಪೇಪರನ್ನು ಮಡಿಲಲ್ಲಿ ಇಟ್ಟುಕೊಂಡು ಆ ಪದದ ಮೇಲೆ ಬೆರಳಿಟ್ಟರು. "ಇದೇನೇ ಇದು, ಪ್ರಸವದ ಉತ್ತರ?" ನಾನು ಬಿಡಿಸಿ ಹೇಳಿದೆ. "ಓ, ಹೆರಿಗೆ ಆದ್ಮೇಲೆ ರಕ್ತ ನಿಲ್ದೇ ಹೋಗೋದಾ? ಹಂಗಂತ ಬರೀಬಾರದಾ? ನಮ್ಮ ದೊಡ್ಡಕ್ಕಂಗೆ ಆಗಿದ್ದೂ ಅದೇ ಕಣೆ" ಅಂದರು. ಅವರಂಥವರಿಗಾಗಿಯೇ ಬರೆದ ವರದಿ ಅದು. ಅವರು ಶೀರ್ಷಿಕೆಯಲ್ಲೇ ನಿಂತುಬಿಟ್ಟಿದ್ದರು.

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಹೊಸದಾಗಿ ಆರೋಗ್ಯ ವರದಿ ಬರೆಯುತ್ತಿರುವವರು, ಯೂಟ್ಯೂಬಿನಲ್ಲಿ ಮಾತಾಡುವವರು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರು ಆಗಾಗ ಕೇಳುತ್ತಾರೆ, "ಇಂಗ್ಲಿಷಿನಲ್ಲಿರೋ ಪ್ರಬಂಧನ ಕನ್ನಡಕ್ಕೆ ಹೇಗೆ ತರ್ತೀರಿ?" ಅಂತ. ಒಂದು ನಿಜವಾದ ಪ್ರಬಂಧ ಹಿಡಿದು, ನಾನು ಮಾಡುವ ಹಾಗೇ ಒಂದೊಂದೇ ಹೆಜ್ಜೆ ತೋರಿಸುತ್ತೇನೆ. ನಮ್ಮದೇ ನೆಲದ್ದು ಇರಲಿ ಅಂತ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಆರಿಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಮೂಲ ಪ್ರಬಂಧವನ್ನೇ ತೆರೆಯಿರಿ

ಪತ್ರಿಕಾ ಪ್ರಕಟಣೆ ಪ್ರಬಂಧವಲ್ಲ. ಬೇರೆ ಪೇಪರಿನ ಸುದ್ದಿಯೂ ಪ್ರಬಂಧವಲ್ಲ. ಪಬ್‌ಮೆಡ್ ಎಂಬ ಜಾಲತಾಣ ಎಲ್ಲರಿಗೂ ಉಚಿತ. ಅಲ್ಲಿ ವಿಷಯ, ಊರು, ವರ್ಷ ಹಾಕಿ ಹುಡುಕಿದರೆ ಸಾರಾಂಶವಂತೂ ಸಿಗುತ್ತದೆ. ಪೂರ್ತಿ ಪ್ರಬಂಧಕ್ಕೆ ದುಡ್ಡು ಕೇಳಿದರೆ ಅದನ್ನು ಬರೆದ ಸಂಶೋಧಕರಿಗೇ ಇಮೇಲ್ ಮಾಡಿ ಕೇಳಿ. ಅವರ ವಿಳಾಸ ಸಾಮಾನ್ಯವಾಗಿ ಪ್ರಬಂಧದಲ್ಲೇ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಪ್ರಬಂಧ 2006ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ ಕೆಲಸ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹೆರಿಗೆ ಆದ ತಕ್ಷಣ ನುಂಗಿಸಿದರೆ ರಕ್ತ ಜಾಸ್ತಿ ಹೋಗುವುದು ಕಡಿಮೆಯಾಗುತ್ತದಾ ಅನ್ನುವುದು ಪ್ರಶ್ನೆ. ಅದೇ ಕೆಲಸಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಮೊದಲಿಂದಲೂ ಇದೆ. ಆದರೆ ಅದನ್ನು ತಣ್ಣಗೆ ಇಡಬೇಕು, ಚುಚ್ಚಲು ಬಲ್ಲವರೂ ಬೇಕು. ಫ್ರಿಜ್ ಇಲ್ಲದ ಉಪಕೇಂದ್ರದಲ್ಲಿ, ಮನೆಯಲ್ಲಿ ಹೆರಿಗೆ ಆಗುವಾಗ ಏನು ಮಾಡುವುದು? ಆ ಸಂಶೋಧನೆ ಹುಟ್ಟಿದ್ದೇ ಈ ಕಷ್ಟದಿಂದ. ವರದಿಯಲ್ಲಿ ನೀವು ಇದನ್ನು ಹೇಳದಿದ್ದರೆ ಓದುವವಳಿಗೆ ಈ ಮಾತ್ರೆ ಯಾಕೆ ದೊಡ್ಡ ವಿಷಯ ಅನ್ನುವುದೇ ತಿಳಿಯುವುದಿಲ್ಲ.

ಪ್ರಬಂಧದ ವರ್ಷವನ್ನೂ ನೋಡಿ. ಅಧ್ಯಯನ ಶುರುವಾದದ್ದು 2002ರಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ (2019-21) ಹೊತ್ತಿಗೆ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ ಸುಮಾರು 97 ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಹಳೇ ಸಂಶೋಧನೆಯನ್ನು ಇವತ್ತಿನ ಸುದ್ದಿಯಂತೆ ಬರೆಯಬಾರದು. ಹಳೇದು ಅಂತ ಬಿಡಲೂಬಾರದು.

ಎರಡನೇ ಹೆಜ್ಜೆ: ಯಾರನ್ನು ನೋಡಿದರು, ಹೇಗೆ ಅಳೆದರು

ನಾನು ಪ್ರಬಂಧವನ್ನು ಪ್ರಿಂಟ್ ತೆಗೆದು, 'ವಿಧಾನ' ಅನ್ನುವ ಭಾಗಕ್ಕೆ ಮೊದಲು ಹೋಗುತ್ತೇನೆ. ಜಾಸ್ತಿ ಜನ ಬಿಟ್ಟುಬಿಡುವ ಭಾಗ ಅದೇ. ಆದರೆ ಹೆಂಗಸರು ಕಾಣುವುದು ಅಲ್ಲೇ.

ಇಲ್ಲಿ ಇದ್ದವರು 1,620 ತಾಯಂದಿರು. 812 ಜನಕ್ಕೆ ಮಾತ್ರೆ, 808 ಜನಕ್ಕೆ ನೋಡಲು ಅದೇ ಥರ ಇರುವ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಆಯ್ಕೆ ಆಗಿತ್ತು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂ ನರ್ಸಮ್ಮಗಳು. ತೊಂದರೆ ಆಗುವ ಸಂಭವ ಜಾಸ್ತಿ ಇದ್ದ ಗರ್ಭಿಣಿಯರನ್ನು ಸೇರಿಸಿರಲಿಲ್ಲ.

ಇನ್ನು ರಕ್ತವನ್ನು ಅಳೆದದ್ದು ಹೇಗೆ? ನನಗೆ ತುಂಬಾ ಹಿಡಿಸಿದ್ದು ಇದೇ. ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿ ಆಲಿಕೆಯ ಹಾಗೆ ಇಳಿದು ಚೀಲವಾಗಿತ್ತು. ಚೀಲದ ಮೇಲೆ ಅಳತೆಯ ಗೆರೆಗಳು. ಹೋದ ರಕ್ತ ಅದರಲ್ಲಿ ಇಳಿಯುತ್ತದೆ, ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ಬಟ್ಟೆಗೆ, ಚಾಪೆಗೆ, ಸಗಣಿ ಸಾರಿಸಿದ ನೆಲಕ್ಕೆ ಇಂಗಿದ ರಕ್ತವನ್ನು ಕಣ್ಣಂದಾಜಲ್ಲಿ 'ಸ್ವಲ್ಪ ಹೋಯ್ತು' ಅನ್ನುವುದಕ್ಕೂ, ಗೆರೆ ನೋಡಿ 'ಅರ್ಧ ಲೀಟರ್ ದಾಟಿತು' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಅಳತೆಯ ಪ್ರಶ್ನೆಯನ್ನು ಪ್ರತಿ ಸಲ ಕೇಳಿ. ಅದೇ 5ನೇ ಸುತ್ತಿನ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 47.8 ಜನಕ್ಕೆ ರಕ್ತಹೀನತೆ ಇದೆ ಎಂದು ಬಂತು. ಹಿಂದಿನ ಸುತ್ತಿನಲ್ಲಿ 44.8 ಇತ್ತು. ಈ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ತೋಳಿನ ನರದಿಂದ ತೆಗೆದು ಲ್ಯಾಬಿನಲ್ಲಿ ನೋಡಿದರೆ ಸಂಖ್ಯೆ ಬೇರೆ ಬರಬಹುದು ಎಂಬ ಚರ್ಚೆ ತಜ್ಞರಲ್ಲಿ ನಡೆದಿದೆ. ಸಮಸ್ಯೆ ದೊಡ್ಡದೇ, ಅನುಮಾನ ಬೇಡ. ಆದರೆ '3 ಜಾಸ್ತಿ ಆಯ್ತು' ಎಂದು ದೊಡ್ಡ ಅಕ್ಷರದಲ್ಲಿ ಹಾಕುವ ಮೊದಲು ಹೇಗೆ ಅಳೆದರು ಅಂತ ಒಂದು ಸಾಲು ಬರೆಯಿರಿ.

ಹೆಂಗಸರು ಇದ್ದರಾ ಅನ್ನುವುದನ್ನೂ ನೋಡಬೇಕು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಿಗಳ ಮೊದಲ ಹಂತದ ಪರೀಕ್ಷೆಯಿಂದ ಹೊರಗಿಡಿ ಎಂದು ಸೂಚಿಸಿತ್ತು. 1993ರವರೆಗೆ ಅದು ಹಾಗೇ ಇತ್ತು. ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆ ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆ ಎಂದು ಅವರಿಗೆ ಹೇಳುವ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಆ ಮಾತ್ರೆ ಮಾರುಕಟ್ಟೆಗೆ ಬಂದು 20 ವರ್ಷ ಆಗಿತ್ತು. ಹಾಗಾಗಿ ಯಾವ ಪ್ರಬಂಧ ಹಿಡಿದರೂ ನಾನು ಹೆಂಗಸರ ಸಂಖ್ಯೆಯನ್ನು ಪೆನ್ಸಿಲಲ್ಲಿ ಸುತ್ತು ಹಾಕುತ್ತೇನೆ.

ಮೂರನೇ ಹೆಜ್ಜೆ: ನೂರು ಹೆಂಗಸರನ್ನು ಜಗಲಿ ಮೇಲೆ ಕೂರಿಸಿ

ಅಂದರೆ, ಶೇಕಡಾ ಲೆಕ್ಕವನ್ನು ಬಿಟ್ಟು ಇಷ್ಟು ಜನರಲ್ಲಿ ಇಷ್ಟು ಜನ ಅಂತ ಎಣಿಸಿ ಹೇಳಿ. ಇದೊಂದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳಗಾವಿ ಅಧ್ಯಯನದ ಫಲಿತಾಂಶವನ್ನು 'ರಕ್ತಸ್ರಾವ ಶೇ 47 ಇಳಿಕೆ' ಎಂದು ಬರೆಯಬಹುದು. ತಪ್ಪಲ್ಲ. ಆದರೆ ಓದಿದವರಿಗೆ ಏನು ಅನ್ನಿಸುತ್ತದೆ? ನೂರು ಜನರಲ್ಲಿ 47 ಜನ ಉಳಿದರು ಅನ್ನಿಸುತ್ತದೆ. ಹಾಗಲ್ಲ. ಔಷಧಿ ಇಲ್ಲದ ಗುಂಪಿನಲ್ಲಿ 100 ತಾಯಂದಿರಲ್ಲಿ 12 ಜನಕ್ಕೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋಯಿತು. ಮಾತ್ರೆ ನುಂಗಿದವರಲ್ಲಿ 6.4, ಅಂದರೆ 6 ಜನ ಅಂತ ಇಟ್ಟುಕೊಳ್ಳಿ. 100ರಲ್ಲಿ 88 ಜನಕ್ಕೆ ಮಾತ್ರೆ ಇಲ್ಲದಿದ್ದರೂ ಅಷ್ಟು ರಕ್ತ ಹೋಗುತ್ತಿರಲಿಲ್ಲ. ಸಂಶೋಧಕರೇ ಇನ್ನೂ ಚೆನ್ನಾಗಿ ಹೇಳಿದ್ದಾರೆ: 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಜಾಸ್ತಿ ರಕ್ತ ಹೋಗುವುದು ತಪ್ಪುತ್ತದೆ. 18 ಜನ ಅಂದರೆ ಒಂದು ಟೆಂಪೋ ಟ್ರಾವೆಲರ್ ತುಂಬ ಹೆಂಗಸರು. ಅಷ್ಟು ಹೇಳಿದರೆ ಯಾರಿಗೂ ಅರ್ಥವಾಗುತ್ತದೆ.

ಒಂದು ಲೀಟರ್ ಅಥವಾ ಹೆಚ್ಚು ರಕ್ತ ಹೋದವರು 1000ಕ್ಕೆ 12ರಿಂದ 2ಕ್ಕೆ ಇಳಿದರು. ಇಲ್ಲಿ 100 ಸಾಲದು, 1000 ಜನರನ್ನು ಕೂರಿಸಬೇಕು. ಎರಡೂ ಗುಂಪಿಗೆ ಒಂದೇ ಲೆಕ್ಕ ಇಡಿ. ಒಂದನ್ನು 100ರಲ್ಲಿ, ಇನ್ನೊಂದನ್ನು 1000ದಲ್ಲಿ ಹೇಳಿದರೆ ಗೊಂದಲ ಆಗುತ್ತದೆ.

ಇದನ್ನು ಮಾಡದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ 2002ರ ಜುಲೈನದು. ಅಮೆರಿಕದಲ್ಲಿ ಮುಟ್ಟು ನಿಂತ 16,608 ಹೆಂಗಸರ ಮೇಲೆ ನಡೆಯುತ್ತಿದ್ದ, ಮುಟ್ಟು ನಿಲ್ಲುವಾಗಿನ ತೊಂದರೆಗೆ ಕೊಡುವ ಹಾರ್ಮೋನ್ ಮಾತ್ರೆಯ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. 'ಸ್ತನ ಕ್ಯಾನ್ಸರ್ ಅಪಾಯ ಶೇ 26 ಹೆಚ್ಚಳ' ಅಂತ ಸುದ್ದಿ ಆಯಿತು. ಎಷ್ಟೋ ದೇಶಗಳಲ್ಲಿ ಹೆಂಗಸರು ಹೆದರಿ ಮಾತ್ರೆ ಬಿಟ್ಟರು, ಡಾಕ್ಟರುಗಳೂ ಬರೆಯುವುದು ಬಿಟ್ಟರು. ಅದೇ ಅಂಕಿಯನ್ನು ಜಗಲಿ ಮೇಲೆ ಕೂರಿಸಿ ನೋಡಿ: ಮಾತ್ರೆ ತೆಗೆದುಕೊಳ್ಳದ 10,000 ಜನರಲ್ಲಿ ವರ್ಷಕ್ಕೆ 30 ಜನಕ್ಕೆ ಸ್ತನ ಕ್ಯಾನ್ಸರ್, ತೆಗೆದುಕೊಂಡವರಲ್ಲಿ 38. ಎಂಟು ಜನ ಜಾಸ್ತಿ. ಆ ಎಂಟು ಜನ ಮುಖ್ಯವೇ, ಮುಚ್ಚಿಡಬಾರದು. ಆದರೆ ರಾತ್ರಿಯೆಲ್ಲ ಬೆವರಿ, ನಿದ್ರೆ ಇಲ್ಲದೆ ಒದ್ದಾಡುವ 50 ವರ್ಷದ ಹೆಂಗಸು ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ತನ್ನ ಡಾಕ್ಟರ್ ಜೊತೆ ಮಾತಾಡಬಹುದಿತ್ತು. ಇನ್ನೊಂದು ವಿಷಯ: ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಸುದ್ದಿ ಓದಿ ಹೆದರಿದವರಲ್ಲಿ ಎಷ್ಟೋ ಜನ ಅವರಿಗಿಂತ ಹತ್ತು ವರ್ಷ ಚಿಕ್ಕವರು.

ನಾಲ್ಕನೇ ಹೆಜ್ಜೆ: ಪ್ರಬಂಧ ಹೇಳದ್ದನ್ನು ನೀವು ಹೇಳಬೇಡಿ

'ಬಾಣಂತಿ ಸಾವು ತಡೆಯುವ ಮಾತ್ರೆ!' ಅಂತ ಶೀರ್ಷಿಕೆ ಕೊಡಲು ಕೈ ತುರಿಸುತ್ತದೆ. ಬೆಳಗಾವಿಯಲ್ಲಿ ಮುಖ್ಯವಾಗಿ ಅಳೆದದ್ದು ರಕ್ತವನ್ನು, ಸಾವನ್ನಲ್ಲ. ಸಾವಿನ ಬಗ್ಗೆ ಖಚಿತವಾಗಿ ಹೇಳಲು 1,620 ಜನ ಸಾಲುವುದಿಲ್ಲ. ಜಾಸ್ತಿ ರಕ್ತ ಹೋಗುವುದು ಬಾಣಂತಿ ಸಾವಿಗೆ ದೊಡ್ಡ ಕಾರಣ, ಆದ್ದರಿಂದ ಈ ಫಲಿತಾಂಶ ಮುಖ್ಯ. ಅಷ್ಟೇ ಬರೆಯಿರಿ, ಅಷ್ಟೇ ಸಾಕು.

ಅಡ್ಡ ಪರಿಣಾಮವನ್ನು ಕೊನೇ ಸಾಲಿಗೆ ತಳ್ಳಬೇಡಿ. ಮಾತ್ರೆ ತೆಗೆದುಕೊಂಡವರಲ್ಲಿ ಚಳಿ, ಜ್ವರ ಜಾಸ್ತಿ ಕಂಡಿತ್ತು. ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಆದರೆ ಇದು ಮೊದಲೇ ಗೊತ್ತಿಲ್ಲದಿದ್ದರೆ, ಹಸಿ ಬಾಣಂತಿ ನಡುಗುತ್ತಿರುವುದನ್ನು ನೋಡಿ ಮನೆಯವರು ಗಾಬರಿ ಆಗುತ್ತಾರೆ. ಜೊತೆಗೆ, ಈ ಮಾತ್ರೆಯನ್ನು ಮಗು ಹುಟ್ಟುವ ಮೊದಲು ಕೊಟ್ಟರೆ ಅಪಾಯ. ಔಷಧಿಯ ಹೆಸರು ಬರೆಯುವಾಗ ಅದನ್ನು ಯಾರು, ಯಾವಾಗ ಕೊಡಬೇಕು ಅನ್ನುವುದನ್ನೂ ಅಲ್ಲೇ ಬರೆಯಿರಿ. ಅಂಗಡಿಯಲ್ಲಿ ಕೊಂಡು ತಾವೇ ನುಂಗುವಂತೆ ಆಗಬಾರದು.

ಈಗಿನ ಭಾರತೀಯ ಅಧ್ಯಯನವಾದರೆ ಸಿಟಿಆರ್‌ಐ ಎಂಬ ನೋಂದಣಿ ತಾಣವನ್ನೂ ನೋಡಿ. 2007ರಲ್ಲಿ ಶುರುವಾಯಿತು, 2009ರಿಂದ ಔಷಧ ಪರೀಕ್ಷೆಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಶುರುವಿನಲ್ಲಿ ಏನು ಅಳೆಯುತ್ತೇವೆ ಅಂದಿದ್ದರು, ಕೊನೆಗೆ ಏನು ಹೇಳುತ್ತಿದ್ದಾರೆ ಅನ್ನುವುದನ್ನು ಹೋಲಿಸಿ ನೋಡಬಹುದು.

ಆಮೇಲೆ ಏನಾಯಿತು ಅನ್ನುವುದನ್ನೂ ಹುಡುಕಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ಪ್ಲಾಸ್ಟಿಕ್ ಚೀಲದ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಸುಮಾರು 80 ಆಸ್ಪತ್ರೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ 'ಇ-ಮೋಟಿವ್' ಅಧ್ಯಯನ 2023ರಲ್ಲಿ ಬಂತು. ಅಲ್ಲೂ ಅಂಥದೇ ಗೆರೆ ಇರುವ ಹಾಳೆ. ಗೆರೆ ದಾಟಿದ ಕೂಡಲೇ ಹೊಟ್ಟೆ ತಿಕ್ಕುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡುತ್ತಿದ್ದರು. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ಜಾಸ್ತಿ ರಕ್ತ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಗಮನಕ್ಕೆ ಬಂದರೆ, ಇಲ್ಲಿ 100ರಲ್ಲಿ 93 ಜನ ಗಮನಕ್ಕೆ ಬಂದರು. ಬೆಳಗಾವಿಯ ಹಳ್ಳಿಮನೆಗಳಲ್ಲಿ ಹಾಸಿದ್ದಂಥ ಹಾಳೆ ಅದು. ನಮ್ಮ ಓದುಗರಿಗೆ ಇದು ಗೊತ್ತಾಗಬೇಕು ಅಂತ ನನಗೆ ಆಸೆ.

ಐದನೇ ಹೆಜ್ಜೆ: ಅವರು ಆಡುವ ಮಾತಲ್ಲೇ ಬರೆಯಿರಿ

ನಾನು ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ, ಅಂಗನವಾಡಿಯಲ್ಲಿ, ಬಸ್ಸಿನಲ್ಲಿ ಹೆಂಗಸರು ತಮ್ಮ ಮೈಯ ಬಗ್ಗೆ ಆಡುವ ಮಾತನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. 'ಋತುಬಂಧ' ಅಲ್ಲ, ಮುಟ್ಟು ನಿಲ್ಲುವುದು. 'ಜರಾಯು' ಅಲ್ಲ, ಮಾಸು ಅಥವಾ ಕಸ. 'ಶ್ವೇತಪ್ರದರ' ಅಂದರೆ ಯಾರಿಗೂ ತಿಳಿಯದು, ಬಿಳಿ ಸೆರಗು ಅಂದರೆ ತಿಳಿಯುತ್ತದೆ. ಗರ್ಭಕೋಶ ಎಲ್ಲರಿಗೂ ಗೊತ್ತು, ಉತ್ತರ ಕರ್ನಾಟಕದ ಕಡೆ ಗರ್ಭಚೀಲ ಅನ್ನುತ್ತಾರೆ. 'ಗರ್ಭಕಂಠ' ಬರೆದರೆ ಪಕ್ಕದಲ್ಲೇ 'ಗರ್ಭಕೋಶದ ಬಾಯಿ' ಎಂದು ಸೇರಿಸಿ.

ಪರೀಕ್ಷೆಗಳ ಹೆಸರೂ ಅಷ್ಟೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ, ಒಂದು ಸರಳ ಪರೀಕ್ಷೆ ಮಾಡಿದ್ದರಿಂದ ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ಸಾಯುವುದು ಶೇ 31ರಷ್ಟು ಕಡಿಮೆ ಆದದ್ದು 2013ರಲ್ಲಿ ಹೊರಬಂತು. ಆ ಪರೀಕ್ಷೆಗೆ 'ವಿಐಎ' ಅಂತ ಹೆಸರು. ನೀವು 'ವಿನೆಗರಿನಂಥ ದ್ರವ ಹಚ್ಚಿ ಬಣ್ಣ ಬದಲಾಗುತ್ತದಾ ನೋಡುವ ಪರೀಕ್ಷೆ' ಅಂತ ಬರೆದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಇಂಗ್ಲಿಷ್ ಪದವೇ ಬಳಕೆಯಲ್ಲಿದ್ದರೆ ಅದನ್ನೇ ಇಡಿ. ಸ್ಕ್ಯಾನಿಂಗ್, ಬಿಪಿ, ನಾರ್ಮಲ್ ಡೆಲಿವರಿ, ಸಿಜೇರಿಯನ್. ತಾಯಿ ಕಾರ್ಡ್ ಕೈಯಲ್ಲಿರುವ ಗರ್ಭಿಣಿ 'ಎಚ್‌ಬಿ ಎಷ್ಟು' ಎಂದು ಕೇಳುತ್ತಾಳೆ, 'ರಕ್ತಹೀನತೆ' ಅನ್ನುವುದಿಲ್ಲ. 'ರಕ್ತ ಕಮ್ಮಿ ಇದೆ' ಅಂತಲೂ ಅನ್ನುತ್ತಾರೆ. ಅದನ್ನು ಬಳಸುವಾಗ ಮಾತ್ರ, ಕಡಿಮೆ ಆಗಿರುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್ ಅಂತ ಒಂದು ಸಾಲು ಹೇಳಿ.

ಕೆಲವು ಮಾತುಗಳನ್ನು ನಾನು ನನ್ನ ದನಿಯಲ್ಲಿ ಬಳಸುವುದೇ ಇಲ್ಲ. 'ಬಂಜೆ' ಬೇಡ, 'ಮಕ್ಕಳಾಗದವರು' ಸಾಕು. 'ಹೊರಗಾಗುವುದು' ಅನ್ನುವ ಮಾತಿನ ಜೊತೆ ಹೊರಗೆ ಕೂರಿಸುವ ಪದ್ಧತಿಯೂ ಬರುತ್ತದೆ. ಯಾರಾದರೂ ಹಾಗೆ ಹೇಳಿದರೆ ಅವರ ಮಾತಾಗಿ ಇಡುತ್ತೇನೆ, ನಾನು ಮುಟ್ಟು ಅಂತಲೇ ಬರೆಯುತ್ತೇನೆ.

ಆರನೇ ಹೆಜ್ಜೆ: ಮೂರು ಫೋನ್ ಮಾಡಿ

ಒಂದು ಸಂಶೋಧಕರಿಗೆ. 'ಈ ಫಲಿತಾಂಶ ಯಾರಿಗೆ ಅನ್ವಯ ಆಗುವುದಿಲ್ಲ?' ಎಂದು ಕೇಳಿ. ಎರಡನೆಯದು ಆ ಅಧ್ಯಯನದಲ್ಲಿ ಇಲ್ಲದ ಒಬ್ಬ ಹೆರಿಗೆ ಡಾಕ್ಟರಿಗೆ. ಮೂರನೆಯದು ಎಎನ್‌ಎಂ ಅಥವಾ ಆಶಾ ಕಾರ್ಯಕರ್ತೆಗೆ. 'ನಿಮ್ಮಲ್ಲಿ ಇದು ಸಿಗುತ್ತಾ, ಜನ ಏನು ಕೇಳುತ್ತಾರೆ?' ಅಂತ ವಿಚಾರಿಸಿ. ನನಗೆ ಬೇಕಾದ ಸಾಲು ಹೆಚ್ಚು ಸಲ ಸಿಕ್ಕಿರುವುದು ಈ ಮೂರನೇ ಫೋನಿನಲ್ಲಿ. ತನ್ನ ಕಥೆ ಹೇಳಿಕೊಂಡ ಹೆಂಗಸಿನ ಹೆಸರು, ಊರು, ಫೋಟೋ ಹಾಕಬೇಡಿ. ಹಾಕಿ ಅಂತ ಅವಳೇ ಹೇಳಿದರೂ, ಮನೆಯವರು ಓದಿದರೆ ಏನಾಗಬಹುದು ಅಂತ ಅವಳ ಜೊತೆ ಕೂತು ಯೋಚಿಸಿ.

ಏಳನೇ ಹೆಜ್ಜೆ: ಬರೆದು, ಗಟ್ಟಿಯಾಗಿ ಓದಿ ಹೇಳಿ

ಎಲ್ಲ ಆದ ಮೇಲೆ ನಾನು ಬರೆದ ತುಣುಕು ಹೀಗಿತ್ತು:

"ಹೆರಿಗೆ ಆದ ಮೇಲೆ ಸ್ವಲ್ಪ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ಎಚ್ಚರ ಬೇಕು. ಇದನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದಾ ಎಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರಲ್ಲಿ ನೋಡಿದರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನಕ್ಕೆ ಈ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. ಔಷಧಿ ಸಿಗದ 100 ಜನರಲ್ಲಿ 12 ಜನಕ್ಕೆ ಜಾಸ್ತಿ ರಕ್ತ ಹೋಯಿತು, ಸಿಕ್ಕಿದವರಲ್ಲಿ ಸುಮಾರು 6 ಜನಕ್ಕೆ. ಮಾತ್ರೆಯಿಂದ ಸ್ವಲ್ಪ ಹೊತ್ತು ಚಳಿ, ಜ್ವರ ಬರಬಹುದು. ಇದನ್ನು ಕೊಡಬೇಕಾದವರು ನರ್ಸ್ ಅಥವಾ ಡಾಕ್ಟರ್. ಅದೂ ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ನೋಡಿಕೊಂಡು. ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ."

ಮುದ್ರಣಕ್ಕೆ ಕಳಿಸುವ ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿ ಓದಿದೆ. ಆ ಕಡೆಯಿಂದ ಮೊರದಲ್ಲಿ ಅಕ್ಕಿ ಕೇರುವ ಸದ್ದು ಬರುತ್ತಿತ್ತು. 'ಅರ್ಧ ಲೀಟರ್' ಅಂದ ಕೂಡಲೇ ಸದ್ದು ನಿಂತಿತು. "ಅರ್ಧ ಲೀಟರ್ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಆಸ್ಪತ್ರೆಯಿಂದ ಮನೆಗೆ ಬಂದ್ಮೇಲೆ ಹೋದ್ರೆ? ಮನೇಲಿ ನಿನ್ನ ಗೆರೆ ಚೀಲ ಇರಲ್ವಲ್ಲೇ" ಅಂದರು.

ಪ್ರಬಂಧದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವತ್ತೇ ಹೆರಿಗೆ ಡಾಕ್ಟರಿಗೆ ಮತ್ತೆ ಫೋನ್ ಮಾಡಿ, ಕೇಳಿಕೊಂಡು ಇಷ್ಟು ಸೇರಿಸಿದೆ: "ಮನೆಗೆ ಬಂದ ಮೇಲೆ ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಕಣ್ಣು ಕತ್ತಲೆ ಬಂದರೆ, ಎದೆ ಜೋರಾಗಿ ಹೊಡೆದುಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನೆನೆದ ಪ್ಯಾಡುಗಳನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ."